ಮನೆಯ ಬಜೆಟ್ಟಿನಲ್ಲಿ ವಿಶೇಷ ಚೀಸ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಬಹುಕಾಲ ಚೀಸ್ ಎಂದರೆ ತವರದ ಡಬ್ಬಿಯಲ್ಲೋ ಪ್ಲಾಸ್ಟಿಕ್ ಹಾಳೆ ಸುತ್ತಿದ ತೆಳು ಸ್ಲೈಸುಗಳಲ್ಲೋ ಸಿಗುತ್ತಿದ್ದ ಸಂಸ್ಕರಿತ ಚೀಸ್ ಮಾತ್ರವಾಗಿತ್ತು. ಈಗ ಬೆಂಗಳೂರು, ಮೈಸೂರು, ಮಂಗಳೂರಿನಂತಹ ಊರುಗಳ ದೊಡ್ಡ ಅಂಗಡಿಗಳ ಫ್ರಿಜ್ಜುಗಳಲ್ಲಿ ಗೌಡಾ, ಬ್ರೀ, ಫೆಟಾ, ಬುರ್ರಾಟಾ, ಪಾರ್ಮೆಸಾನ್ ಎಂಬ ಹೆಸರುಗಳು ಸಾಲಾಗಿ ಕಾಣಿಸುತ್ತವೆ. ಅವುಗಳ ಬೆಲೆ ಓದಿ ಕೈ ಹಿಂದಕ್ಕೆಳೆದುಕೊಳ್ಳುವ ಗೃಹಸ್ಥರೂ ಅಷ್ಟೇ ಸಾಮಾನ್ಯ. ನಾಲ್ಕು ಜನರ ಒಂದು ಮನೆಯವರು ತಿಂಗಳಿಗೆ 600ರಿಂದ 800 ರೂಪಾಯಿಗಳನ್ನು ಈ ರುಚಿಗೆಂದು ತೆಗೆದಿಟ್ಟರೆ ಆ ಹಣದಲ್ಲಿ ಏನನ್ನು ಕೊಳ್ಳುವುದು ಸರಿ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ಕೊಟ್ಟಿರುವ ಬೆಲೆಗಳೆಲ್ಲ ಅಂದಾಜಿನವು. ಅಂಗಡಿಯಿಂದ ಅಂಗಡಿಗೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಅವು ಏರುಪೇರಾಗುತ್ತವೆ. ಆದರೆ ಒಂದನ್ನು ಇನ್ನೊಂದರೊಡನೆ ತೂಗಿ ನೋಡುವ ಲೆಕ್ಕದ ಕ್ರಮ ಎಲ್ಲೆಡೆಯೂ ಅದೇ.

ಕಿಲೋ ಬೆಲೆಯೂ ತಟ್ಟೆಯ ಬೆಲೆಯೂ

ಚೀಸ್ ದುಬಾರಿ ಎನಿಸುವುದಕ್ಕೆ ಮೊದಲ ಕಾರಣ ಹಾಲೇ. ಒಂದು ಕಿಲೋ ಗಟ್ಟಿ ಚೀಸಿಗೆ ಹಸುವಿನ ಹಾಲು ಸುಮಾರು 10 ಲೀಟರ್ ಬೇಕು. ಲೀಟರಿಗೆ 50 ರೂಪಾಯಿ ಹಿಡಿದರೂ ಹಾಲಿನ ವೆಚ್ಚವೇ 500 ರೂಪಾಯಿ ಆಯಿತು. ಅದರ ಮೇಲೆ ತಿಂಗಳುಗಟ್ಟಲೆ ತಂಪು ಕೋಣೆಯಲ್ಲಿ ಇಟ್ಟು ಮಾಗಿಸುವ ವೆಚ್ಚ, ಮಾಗುವಾಗ ನೀರು ಆರಿ ತೂಕ ಕಡಿಮೆಯಾಗುವ ನಷ್ಟ, ಶೀತಲ ಸಾಗಣೆ, ಅಂಗಡಿಯ ಲಾಭ ಎಲ್ಲವೂ ಸೇರುತ್ತವೆ. ಆದ್ದರಿಂದ ಕಿಲೋಗೆ 400 ರೂಪಾಯಿಗೆ ‘ಚೀಸಿನಂತಹದು’ ಯಾರಾದರೂ ಮಾರುತ್ತಿದ್ದರೆ ಅದರ ಪೊಟ್ಟಣದ ಹಿಂಬದಿಯನ್ನು ಓದುವುದು ಒಳ್ಳೆಯದು. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂತಹ ಸಸ್ಯಜನ್ಯ ಕೊಬ್ಬನ್ನು ಹಾಕಿ ತಯಾರಿಸಿದ ಅನುಕರಣೆಯ ಪದಾರ್ಥಗಳು ಮುಖ್ಯವಾಗಿ ಪಿಜ್ಜಾ ಮಾರುವವರಿಗೆಂದು ಮಾರುಕಟ್ಟೆಯಲ್ಲಿವೆ. ಪದಾರ್ಥಗಳ ಪಟ್ಟಿಯಲ್ಲಿ ಖಾದ್ಯ ಎಣ್ಣೆ ಕಂಡುಬಂದರೆ ಅದು ಈ ಹೋಲಿಕೆಗೆ ಸೇರಿದ್ದಲ್ಲ.

ಎರಡನೆಯದು ನಮ್ಮ ಲೆಕ್ಕದ ರೀತಿಗೆ ಸಂಬಂಧಿಸಿದ್ದು. ಅಂಗಡಿಯಲ್ಲಿ ನಾವು ಕಿಲೋ ಬೆಲೆಯನ್ನೋ ಪೊಟ್ಟಣದ ಬೆಲೆಯನ್ನೋ ನೋಡುತ್ತೇವೆ. ಮನೆಗೆ ತಂದ ಮೇಲೆ ನಿಜವಾಗಿ ತಗಲುವ ಬೆಲೆ ಬೇರೆಯೇ ಆಗಿರುತ್ತದೆ. ಒಂದು ತಟ್ಟೆಗೆ ಎಷ್ಟು ಗ್ರಾಂ ಬೇಕು, ಪೊಟ್ಟಣ ಒಡೆದ ಮೇಲೆ ಎಷ್ಟು ದಿನ ಉಳಿಯುತ್ತದೆ, ಕೊನೆಗೆ ಎಷ್ಟು ಭಾಗ ಕಸದ ಬುಟ್ಟಿಗೆ ಹೋಗುತ್ತದೆ ಎಂಬ ಮೂರು ಸಂಗತಿಗಳನ್ನು ಸೇರಿಸಿ ನೋಡಿದಾಗ, ಕಿಲೋ ಲೆಕ್ಕದಲ್ಲಿ ಅತಿ ದುಬಾರಿಯಾದ ಚೀಸ್ ಊಟದ ಲೆಕ್ಕದಲ್ಲಿ ಅಗ್ಗವಾಗಿಯೂ, ಕೈಗೆಟಕುವಂತೆ ಕಂಡ ಚೀಸ್ ದುಬಾರಿಯಾಗಿಯೂ ಪರಿಣಮಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಮನೆಖರ್ಚಿನ ದೃಷ್ಟಿಯಿಂದ ಚೀಸ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದರ ಬೆಲೆ ಎಷ್ಟು’ ಎಂಬುದಲ್ಲ, ‘ಇದು ನಮ್ಮ ಮನೆಯಲ್ಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ’ ಎಂಬುದು.

ಗಟ್ಟಿ ಚೀಸ್: ತುಟ್ಟಿ ಎನಿಸಿದರೂ ಕೈಹಿಡಿಯುವುದು

ಪಾರ್ಮೆಸಾನ್ ಮಾದರಿಯ ಗಟ್ಟಿ ಚೀಸುಗಳು ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋಗೆ ಸಾಮಾನ್ಯವಾಗಿ 2,000ದಿಂದ 3,500 ರೂಪಾಯಿವರೆಗೆ ಇರುತ್ತವೆ. ಕೇಳುವುದಕ್ಕೇ ಭಯವಾಗುವ ಬೆಲೆ. ಆದರೆ ಈ ಚೀಸನ್ನು ಅಡುಗೆಯಲ್ಲಿ ಸಾಮಾನ್ಯವಾಗಿ ತುಂಡು ತುಂಡಾಗಿ ಹಾಕುವುದಿಲ್ಲ. ತುರಿಮಣೆಯಲ್ಲಿ ತುರಿದು ಉದುರಿಸುತ್ತಾರೆ. ಒಂದು ತಟ್ಟೆ ಪಾಸ್ತಾಗೋ ಒಂದು ಬಟ್ಟಲು ಸೂಪಿಗೋ 10 ಗ್ರಾಂ ತುರಿ ಧಾರಾಳವಾಗಿ ಸಾಕು. ಕಿಲೋಗೆ 3,000 ರೂಪಾಯಿಯ ಚೀಸಾದರೂ ತಟ್ಟೆಗೆ ಬಿದ್ದ ಖರ್ಚು 30 ರೂಪಾಯಿ. ಕಿಲೋಗೆ 1,400 ರೂಪಾಯಿಯ ಗೌಡಾವನ್ನು ಒಂದು ಸ್ಯಾಂಡ್‌ವಿಚ್ಚಿಗೆ 30 ಗ್ರಾಂನಂತೆ ಹಾಕಿದರೆ 42 ರೂಪಾಯಿ ಆಗುತ್ತದೆ. ಕಿಲೋಗೆ 900 ರೂಪಾಯಿಯ ಮೊಝರೆಲ್ಲಾವನ್ನು ಒಬ್ಬರ ಪಿಜ್ಜಾಕ್ಕೆ 60 ಗ್ರಾಂ ಹಾಕಿದರೆ 54 ರೂಪಾಯಿ ಆಗುತ್ತದೆ. ಮೂರರಲ್ಲಿ ಕಿಲೋ ಬೆಲೆ ಹೆಚ್ಚಿರುವುದೇ ತಟ್ಟೆಯ ಬೆಲೆಯಲ್ಲಿ ಕಡಿಮೆ.

ಬಾಳಿಕೆಯಲ್ಲೂ ಇದೇ ಮುಂದು. ನೀರಿನಂಶ ಕಡಿಮೆ ಇರುವುದರಿಂದಲೂ ಉಪ್ಪು ಹೆಚ್ಚಿರುವುದರಿಂದಲೂ ಒಡೆದ ತುಂಡು ಫ್ರಿಜ್ಜಿನಲ್ಲಿ ಒಂದರಿಂದ ಒಂದೂವರೆ ತಿಂಗಳು ಚೆನ್ನಾಗಿ ಉಳಿಯುತ್ತದೆ. ಹೊರಮೈಯಲ್ಲಿ ಸಣ್ಣ ಬೂಸ್ಟು ಕಂಡರೆ ಅದರ ಸುತ್ತಲಿನ ಎರಡೂವರೆ ಸೆಂಟಿಮೀಟರಿನಷ್ಟು ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಮೃದು ಚೀಸುಗಳಿಗೆ ಈ ಅನುಕೂಲವಿಲ್ಲ. ತುರಿದು ಮುಗಿದ ಮೇಲೆ ಉಳಿಯುವ ಗಟ್ಟಿ ಸಿಪ್ಪೆಯೂ ವ್ಯರ್ಥವಲ್ಲ: ಪಾರ್ಮೆಸಾನಿನ ಸಿಪ್ಪೆ ಮೇಣದ ಲೇಪವಲ್ಲ, ಒಣಗಿದ ಚೀಸೇ ಆಗಿರುವುದರಿಂದ ಅದನ್ನು ತೊಳೆದು ಟೊಮೆಟೊ ಸೂಪಿನಲ್ಲೋ ಬೀನ್ಸ್ ಬೇಯುವ ನೀರಿನಲ್ಲೋ ಹಾಕಿ ಕುದಿಸಿದರೆ ರುಚಿಯೆಲ್ಲ ರಸಕ್ಕೆ ಇಳಿಯುತ್ತದೆ. ಹೀರೆಕಾಯಿ ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡುವ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಟಲಿಯ ಪಾರ್ಮ, ರೆಜ್ಜೊ ಎಮಿಲಿಯಾ ಸುತ್ತಲಿನ ಪ್ರದೇಶದಲ್ಲಿ ತಯಾರಾಗುವ ಪಾರ್ಮಿಜಾನೊ ರೆಜ್ಜಾನೊ ಎಂಬ ಮೂಲ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ಟನ್ನೇ ಹಾಕಬೇಕೆಂಬ ನಿಯಮವಿದೆ. ಕನಿಷ್ಠ 12 ತಿಂಗಳು ಮಾಗಿಸಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ. ಅದರ ಸೋದರನಂತಿರುವ ಗ್ರಾನಾ ಪದಾನೊ ಕನಿಷ್ಠ 9 ತಿಂಗಳಲ್ಲಿ ಸಿದ್ಧವಾಗುವುದರಿಂದ ಕೊಂಚ ಅಗ್ಗ. ಆದರೆ ಅದಕ್ಕೂ ಪ್ರಾಣಿಜನ್ಯ ರೆನೆಟ್ಟೇ ಬಳಕೆಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಹಸಿರು ಚುಕ್ಕೆ ಹೊತ್ತು ‘ಪಾರ್ಮೆಸಾನ್’ ಎಂದು ಮಾರಾಟವಾಗುವ ಚೀಸುಗಳು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ಟಿನಿಂದ ತಯಾರಾದ ಅದೇ ಮಾದರಿಯ ಚೀಸುಗಳು; ಆದ್ದರಿಂದ ಮೂಲ ಇಟಾಲಿಯನ್ ಚೀಸಿನ ಬೆಲೆಯನ್ನು ಅವುಗಳಿಗೆ ಕೊಡುವುದು ಅನಗತ್ಯ. ಮಾಗಿದ ಅವಧಿ ಎಷ್ಟು ತಿಂಗಳು ಎಂದು ಪೊಟ್ಟಣದ ಮೇಲೆ ಬರೆದಿರುವ ಭಾರತೀಯ ಚೀಸನ್ನು ಆರಿಸಿಕೊಂಡರೆ ಸಸ್ಯಾಹಾರಿ ಮನೆಯವರಿಗೆ ಶಾಸ್ತ್ರವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ತುರಿದೇ ಮಾರುವ ಪುಡಿ ಪಾರ್ಮೆಸಾನ್ ಡಬ್ಬಿಗಳನ್ನು ಮಾತ್ರ ನಾನು ಯಾರಿಗೂ ಸೂಚಿಸಲಾರೆ. ತುರಿ ಒಂದಕ್ಕೊಂದು ಅಂಟದಿರಲೆಂದು ಅವುಗಳಲ್ಲಿ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸೇರಿಸಿರುತ್ತಾರೆ. ತುರಿದ ಕೂಡಲೇ ಪರಿಮಳ ಹಾರಿಹೋಗಲು ತೊಡಗುವುದರಿಂದ ಡಬ್ಬಿ ಮನೆಗೆ ಬರುವ ಹೊತ್ತಿಗೆ ಉಳಿದಿರುವುದು ಹೆಚ್ಚಾಗಿ ಉಪ್ಪಿನ ರುಚಿ.

ಗೌಡಾ ಮತ್ತು ಚೆಡ್ಡರ್: ದಿನಬಳಕೆಗೆ ಒಗ್ಗುವ ಜೋಡಿ

ಅರೆಗಟ್ಟಿ ಚೀಸುಗಳಲ್ಲಿ ಗೌಡಾ ಮತ್ತು ಚೆಡ್ಡರ್ ಎಲ್ಲೆಡೆ ದೊರೆಯುತ್ತವೆ. ಮಕ್ಕಳಿಂದ ಅಜ್ಜಿಯವರೆಗೆ ಮನೆಮಂದಿಗೆಲ್ಲ ಒಗ್ಗುವ ರುಚಿಯೂ ಇವುಗಳದ್ದೇ. ನೆದರ್ಲೆಂಡ್ಸ್ ಮೂಲದ ಗೌಡಾ ಎಳೆಯದಿದ್ದಾಗ ಬೆಣ್ಣೆಯಂತಹ ಸೌಮ್ಯ ರುಚಿಯನ್ನು ಹೊಂದಿರುತ್ತದೆ; ಹತ್ತು ಹನ್ನೆರಡು ತಿಂಗಳು ಮಾಗಿದ ಮೇಲೆ ಅದೇ ಚೀಸ್ ಕಂದುಬಣ್ಣಕ್ಕೆ ತಿರುಗಿ, ಕಾಯಿಸಿದ ಸಕ್ಕರೆಯ ಸಿಹಿಯನ್ನು ಪಡೆದು, ಹಲ್ಲಿಗೆ ಸಿಗುವ ಸಣ್ಣ ಹರಳುಗಳನ್ನು ಬೆಳೆಸಿಕೊಳ್ಳುತ್ತದೆ. ಆ ಹರಳುಗಳು ಉಪ್ಪಲ್ಲ, ಪ್ರೋಟೀನ್ ಒಡೆದು ಉಂಟಾದ ಟೈರೋಸಿನ್ ಎಂಬ ಅಮೈನೋ ಆಮ್ಲ. ಅವು ಕೆಟ್ಟುಹೋದ ಗುರುತಲ್ಲ, ಚೆನ್ನಾಗಿ ಮಾಗಿದ ಗುರುತು. ಎಳೆಯ ಗೌಡಾ ಕಿಲೋಗೆ 1,000ದಿಂದ 1,500 ರೂಪಾಯಿಗೆ ಸಿಗುವಾಗ ಮಾಗಿದ್ದು ಅದರ ಎರಡರಷ್ಟು ಬೆಲೆ ಕೇಳುತ್ತದೆ.

ಇವೆರಡರ ನಡುವೆ ಹೇಗೆ ಆರಿಸಬೇಕೆಂದರೆ, ಬಿಸಿ ಮಾಡಿ ಕರಗಿಸುವುದಕ್ಕೆ ಎಳೆಯದು, ಹಾಗೆಯೇ ತಿನ್ನುವುದಕ್ಕೆ ಮಾಗಿದ್ದು. ಮಾಗಿದ ಗೌಡಾವನ್ನು ಟೋಸ್ಟಿನ ಮೇಲೆ ಕರಗಿಸಿದರೆ ಎಣ್ಣೆ ಬಿಟ್ಟುಕೊಂಡು ಗಂಟುಗಂಟಾಗುತ್ತದೆ, ಕೊಟ್ಟ ಹಣವೂ ಕರಗುತ್ತದೆ. ಅದನ್ನು ಸೀಬೆಹಣ್ಣಿನ ಹೋಳಿನೊಂದಿಗೋ ಒಣ ಅಂಜೂರದೊಂದಿಗೋ ತೆಳುವಾಗಿ ಹೆಚ್ಚಿ ತಿಂದರೆ ಒಬ್ಬರಿಗೆ 15 ಗ್ರಾಂ ಸಾಕಾಗುತ್ತದೆ. ಚೆಡ್ಡರ್ ವಿಷಯದಲ್ಲೂ ಹೀಗೆಯೇ. ಇಂಗ್ಲೆಂಡಿನಲ್ಲಿ ತೀಕ್ಷ್ಣ ರುಚಿಯ ಮಾಗಿದ ಚೆಡ್ಡರನ್ನು ಸಿಹಿ-ಹುಳಿ ಚಟ್ನಿಯೊಂದಿಗೆ ತಿನ್ನುವ ರೂಢಿಯಿದೆ, ಆ ಚಟ್ನಿಯ ಕಲ್ಪನೆಯೇ ಇಲ್ಲಿಂದ ಹೋದದ್ದು. ನಮ್ಮ ಮನೆಗಳ ಬೆಲ್ಲ ಹಾಕಿದ ಮಾವಿನಕಾಯಿ ಗೊಜ್ಜು ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಕೆಂಪು ಮೇಣ ಬಳಿದ ಗೌಡಾ ತುಂಡುಗಳನ್ನು ಕೊಳ್ಳುವಾಗ ಮೇಣದ ತೂಕಕ್ಕೂ ಹಣ ಕೊಡುತ್ತಿದ್ದೇವೆಂಬುದು ನೆನಪಿರಲಿ. ಚಕ್ರದಾಕಾರದ ಇಡೀ ಚೀಸಿನ ನಡುಭಾಗದಿಂದ ಕತ್ತರಿಸಿದ ತುಂಡಿನಲ್ಲಿ ಮೇಣ ಕಡಿಮೆ, ಅಂಚಿನ ತುಂಡಿನಲ್ಲಿ ಹೆಚ್ಚು. ಕತ್ತರಿಸಿ ಕೊಡುವ ಕೌಂಟರ್ ಇದ್ದರೆ 100 ಗ್ರಾಂ ಮಾತ್ರ ಕೇಳಿ ಪಡೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಹಾಗೆ ಕೇಳಿ ಪಡೆದ 100 ಗ್ರಾಂ, ಹೊಸ ರುಚಿ ಮನೆಯವರಿಗೆ ಹಿಡಿಸುವುದೋ ಇಲ್ಲವೋ ಎಂದು ತಿಳಿಯಲು ಇರುವ ಅತಿ ಅಗ್ಗದ ದಾರಿ.

ತಾಜಾ ಚೀಸ್: ಹತ್ತಿರದ್ದೇ ಉತ್ತಮ

ಮೊಝರೆಲ್ಲಾ, ಬುರ್ರಾಟಾ, ರಿಕೋಟಾ, ಫೆಟಾ ಇವೆಲ್ಲ ಮಾಗಿಸದ ಅಥವಾ ಅಲ್ಪಕಾಲ ಮಾತ್ರ ಮಾಗಿಸಿದ ಚೀಸುಗಳು. ಇವುಗಳ ವಿಷಯದಲ್ಲಿ ನನ್ನ ಸಲಹೆ ಖಡಾಖಂಡಿತ: ಆಮದಾದದ್ದನ್ನು ಕೊಳ್ಳಬೇಡಿ. ತಾಜಾತನವೇ ಇವುಗಳ ಗುಣ. ಕಡಲು ದಾಟಿ ಬರುವ ಹೊತ್ತಿಗೆ ಆ ಗುಣ ಅರ್ಧ ಹೋಗಿರುತ್ತದೆ, ಬೆಲೆ ಮಾತ್ರ ಎರಡರಷ್ಟಾಗಿರುತ್ತದೆ. ಇನ್ನೊಂದು ಕಾರಣ ನಮ್ಮ ಎಮ್ಮೆಗಳು. ಇಟಲಿಯ ಕಂಪಾನಿಯಾ ಪ್ರದೇಶದ ಹೆಸರುವಾಸಿ ಮೊಝರೆಲ್ಲಾ ತಯಾರಾಗುವುದು ಎಮ್ಮೆಯ ಹಾಲಿನಿಂದಲೇ. ಹಸುವಿನ ಹಾಲಿನಲ್ಲಿ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ಕೊಬ್ಬಿದ್ದರೆ ಎಮ್ಮೆಯ ಹಾಲಿನಲ್ಲಿ ಸುಮಾರು ಏಳರಷ್ಟಿರುತ್ತದೆ. ಚೀಸಿನ ಇಳುವರಿಯೂ ಹೆಚ್ಚು, ಬಣ್ಣವೂ ಅಚ್ಚ ಬಿಳಿ. ಎಮ್ಮೆಯ ಹಾಲು ಹೇರಳವಾಗಿರುವ ದೇಶದಲ್ಲಿ ಕುಳಿತು ಹೊರಗಿನ ಮೊಝರೆಲ್ಲಾಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಬೆಂಗಳೂರಿನ ಬೆನೆಡಿಕ್ಟೈನ್ ಸನ್ಯಾಸಿಗಳು ‘ವಲ್ಲೊಂಬ್ರೋಸಾ’ ಎಂಬ ಹೆಸರಿನಲ್ಲಿ ಇಟಾಲಿಯನ್ ಮಾದರಿಯ ತಾಜಾ ಚೀಸುಗಳನ್ನು ತಯಾರಿಸುತ್ತಾರೆ; ನಗರದ ಹೋಟೆಲುಗಳು ಬಹಳ ಹಿಂದೆಯೇ ಅದನ್ನು ಗುರುತಿಸಿದ್ದವು. ಇಂತಹ ಸ್ಥಳೀಯ ತಯಾರಕರ ಸರಕು ಸಿಗುವ ಊರಿನಲ್ಲಿ ಇರುವವರಿಗೆ ತಾಜಾ ಚೀಸ್ ವಿಚಾರದಲ್ಲಿ ಆಯ್ಕೆ ಸುಲಭ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದಂತಹ ಊರುಗಳಲ್ಲಿ ಇರುವವರು ದೊಡ್ಡ ಡೇರಿಗಳ ಪಿಜ್ಜಾ ಮೊಝರೆಲ್ಲಾವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಅದು ಕರಗಿಸುವುದಕ್ಕೆಂದೇ ಮಾಡಿದ, ನೀರಿನಂಶ ಕಡಿಮೆ ಇರುವ ಬಗೆ. ಅದನ್ನು ತುರಿದು ಫ್ರೀಜರಿನಲ್ಲಿಟ್ಟು ಎರಡು ಮೂರು ತಿಂಗಳು ಬಳಸಬಹುದು.

ಬುರ್ರಾಟಾದ ಮಾತು ಬೇರೆ. ಮೊಝರೆಲ್ಲಾದ ಚೀಲದೊಳಗೆ ಕೆನೆ ತುಂಬಿದ ಈ ಚೀಸನ್ನು ಒಡೆದ ದಿನವೇ ತಿಂದು ಮುಗಿಸಬೇಕು. ಇಬ್ಬರಿಗೆ ಸಾಲುವ ಒಂದು ಉಂಡೆಗೆ 300 ರೂಪಾಯಿಗಿಂತ ಹೆಚ್ಚು ಆಗುತ್ತದೆ, ಅಂದರೆ ಒಂದು ತಟ್ಟೆಗೆ 150 ರೂಪಾಯಿ. ನಾಲ್ಕು ಜನರ ಮನೆಯಲ್ಲಿ ಒಂದೇ ಸಂಜೆಯಲ್ಲಿ ತಿಂಗಳ ಬಜೆಟ್ಟು ಮುಗಿಯಿತು. ಹುಟ್ಟುಹಬ್ಬಕ್ಕೋ ಮದುವೆಯ ದಿನದ ನೆನಪಿಗೋ ತರುವುದಾದರೆ ನನ್ನ ಆಕ್ಷೇಪವಿಲ್ಲ. ತಿಂಗಳು ತಿಂಗಳೂ ತರುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಂತೆ ಆದೀತು.

ಫೆಟಾ ಈ ಗುಂಪಿನಲ್ಲಿ ಅತ್ಯಂತ ಮಿತವ್ಯಯದ್ದು. ಗ್ರೀಸಿನ ಮೂಲ ಫೆಟಾ ಕುರಿಯ ಹಾಲಿನದು, ಶೇಕಡಾ 30ರವರೆಗೆ ಮೇಕೆಯ ಹಾಲು ಬೆರೆಯಬಹುದು. ಆ ಹೆಸರನ್ನು ಗ್ರೀಕರಿಗೆ ಮಾತ್ರ ಮೀಸಲಿಡುವ ಯುರೋಪಿನ ಮನ್ನಣೆ 2002ರಿಂದ ಇದೆ. ನಮ್ಮಲ್ಲಿ ಸಿಗುವುದು ಹಸುವಿನ ಅಥವಾ ಎಮ್ಮೆಯ ಹಾಲಿನ ಫೆಟಾ, ಕುರಿಯ ಹಾಲಿನ ತೀಕ್ಷ್ಣತೆ ಅದರಲ್ಲಿಲ್ಲ. ಆದರೂ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಎರಡು ವಾರ ಬಾಳುತ್ತದೆ, ಸ್ವಲ್ಪವೇ ಪುಡಿಮಾಡಿ ಹಾಕಿದರೂ ರುಚಿ ತಿಳಿಯುತ್ತದೆ. ಸೌತೆಕಾಯಿ ಟೊಮೆಟೊ ಹೋಳುಗಳ ಮೇಲೆ, ಬಿಸಿ ಅಕ್ಕಿರೊಟ್ಟಿಯ ಮೇಲೆ, ಹುರಿದ ಸಿಹಿಕುಂಬಳಕಾಯಿಯ ಜೊತೆ ಇದು ಹೊಂದುತ್ತದೆ. ಫೆಟಾ ಹಾಕುವ ತಿಂಡಿಗೆ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು. ರಕ್ತದೊತ್ತಡ ಇರುವವರು ತಿನ್ನುವ ಮೊದಲು ತುಂಡನ್ನು ಸ್ವಲ್ಪ ಹೊತ್ತು ಸಾದಾ ನೀರಿನಲ್ಲಿ ನೆನೆಸಿದರೆ ಉಪ್ಪು ಒಂದಷ್ಟು ಇಳಿಯುತ್ತದೆ.

ಬ್ರೀ, ಕ್ಯಾಮೆಂಬೇರ್ ಮತ್ತು ಬ್ಲೂ

ಬಿಳಿ ಬೂಸ್ಟಿನ ತೆಳು ಸಿಪ್ಪೆಯೊಳಗೆ ಕೆನೆಯಂತೆ ಮೃದುವಾಗಿರುವ ಬ್ರೀ ಮತ್ತು ಕ್ಯಾಮೆಂಬೇರ್ ಫ್ರಾನ್ಸಿನವು. ಭಾರತದಲ್ಲಿಯೇ ಈಗ ಇವು ಚೆನ್ನಾಗಿ ತಯಾರಾಗುತ್ತಿವೆ. ಬೆಂಗಳೂರಿನ ಬೇಗಂ ವಿಕ್ಟೋರಿಯಾದ ಬ್ರೀ, ಚೆನ್ನೈನ ಕೇಸೆ ಎಂಬ ತಯಾರಕರ ಚೀಸುಗಳು ದಕ್ಷಿಣದ ಊರುಗಳಲ್ಲಿ ಹೆಸರು ಪಡೆದಿವೆ. ಆದರೆ ಮನೆಖರ್ಚಿನ ಲೆಕ್ಕದಲ್ಲಿ ಈ ಗುಂಪು ಅಪಾಯದ್ದು. 125 ಗ್ರಾಂನ ಒಂದು ಪುಟ್ಟ ಬ್ರೀಗೆ 450 ರೂಪಾಯಿ ಎಂದು ಹಿಡಿಯಿರಿ. 100 ಗ್ರಾಂಗೆ 360 ರೂಪಾಯಿ ಆಯಿತು. ಒಡೆದ ಮೇಲೆ ನಾಲ್ಕೈದು ದಿನದಲ್ಲಿ ಮುಗಿಸಬೇಕಾದ ಈ ಚೀಸಿನ ಮೂರನೆಯ ಒಂದು ಭಾಗ ಫ್ರಿಜ್ಜಿನ ಮೂಲೆಯಲ್ಲಿ ಉಳಿದು ಅಮೋನಿಯಾದ ವಾಸನೆ ಹಿಡಿದು ಎಸೆಯುವಂತಾದರೆ, ನಿಜವಾಗಿ ತಿಂದ ಚೀಸಿನ ಬೆಲೆ 100 ಗ್ರಾಂಗೆ 540 ರೂಪಾಯಿಗೆ ಏರುತ್ತದೆ. ಫ್ರೀಜರಿನಲ್ಲಿ ಇಡುವುದಕ್ಕೂ ಬರುವುದಿಲ್ಲ, ಅದರ ಮೃದುತ್ವ ಒಡೆದು ನೀರು ಬಿಡುತ್ತದೆ. ಹಾಗಾಗಿ ಬ್ರೀಯನ್ನು ಮನೆಗೆ ನಾಲ್ಕಾರು ಜನ ಬರುವ ದಿನ ತಂದು ಅಂದೇ ಮುಗಿಸುವುದು ಜಾಣತನ. ಇಬ್ಬರೇ ಇರುವ ಮನೆಗೆ ಇಡೀ ಚಕ್ರ ತರುವುದು ಅಲ್ಲ.

ಒಳಗೆ ನೀಲಿ ಬೂಸ್ಟಿನ ಗೆರೆಗಳಿರುವ ಬ್ಲೂ ಚೀಸ್ ರುಚಿಯಲ್ಲಿ ತೀಕ್ಷ್ಣವಾದದ್ದು, ಆದರೆ ಆ ತೀಕ್ಷ್ಣತೆಯೇ ಅದನ್ನು ಮಿತವ್ಯಯಿಯನ್ನಾಗಿ ಮಾಡುತ್ತದೆ. ಕೊಡಗಿನ ಜೇನುತುಪ್ಪದ ಒಂದು ಹನಿಯೊಂದಿಗೆ 10 ಗ್ರಾಂ ತಿಂದರೆ ಬಾಯಿ ತುಂಬುತ್ತದೆ. ಪುಡಿಮಾಡಿ ಫ್ರೀಜರಿನಲ್ಲಿಟ್ಟು ಸೂಪಿಗೋ ಸಾಸಿಗೋ ಬಳಸಲೂ ಬರುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಈ ರುಚಿ ಹಿಡಿಸಿದರೆ ಬ್ರೀಗಿಂತ ಬ್ಲೂ ಲಾಭ. ಯಾರಿಗೂ ಹಿಡಿಸದಿದ್ದರೆ ಅರ್ಧ ಬೆಲೆಗೆ ಸಿಕ್ಕರೂ ನಷ್ಟ. ಗರ್ಭಿಣಿಯರು ಈ ಎರಡೂ ಬಗೆಗಳನ್ನು ಹಸಿಯಾಗಿ ತಿನ್ನದಿರುವುದು ಕ್ಷೇಮ, ಏಕೆಂದರೆ ಮೃದು ಚೀಸಿನ ತೇವದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಸಂಭವವಿರುತ್ತದೆ.

ಆಮದಿನದೋ ಇಲ್ಲಿನದೋ

ಆಮದಾದ ಚೀಸಿನ ಬೆಲೆಯಲ್ಲಿ ಸುಂಕ, ವಿಮಾನ ಅಥವಾ ಹಡಗಿನ ಶೀತಲ ಸಾಗಣೆ, ದಾಸ್ತಾನುದಾರರ ಪಾಲು ಇವೆಲ್ಲ ಸೇರಿರುತ್ತವೆ. ತಾಜಾ ಚೀಸಿಗೆ ಈ ಹೆಚ್ಚುವರಿ ಬೆಲೆ ತೆರುವುದು ವ್ಯರ್ಥವೆಂದು ಮೇಲೆ ಹೇಳಿದೆ. ಮಾಗಿದ ಚೀಸಿಗೆ ಮಾತ್ರ ಅದು ಕೆಲವೊಮ್ಮೆ ಸಾರ್ಥಕ, ಏಕೆಂದರೆ ಎರಡು ವರ್ಷ ಮಾಗಿದ ಚೆಡ್ಡರ್ ಅಥವಾ ಗೌಡಾ ಇಲ್ಲಿ ತಯಾರಾಗುವುದು ಅಪರೂಪ. ಎರಡು ವರ್ಷ ಹಣವನ್ನು ತಂಪು ಕೋಣೆಯಲ್ಲಿ ಕಟ್ಟಿಹಾಕುವ ಶಕ್ತಿ ಸಣ್ಣ ತಯಾರಕರಿಗೆ ಇರುವುದಿಲ್ಲ. ಉಳಿದಂತೆ, ನಮ್ಮ ದೇಶದ ಚೀಸುಗಳಲ್ಲಿಯೇ ನೋಡಬೇಕಾದವು ಬಹಳಷ್ಟಿವೆ. ಕೊಡೈಕನಾಲಿನ ಚೀಸ್ ದಕ್ಷಿಣದವರಿಗೆ ಹಳೆಯ ಪರಿಚಯ. ಪುದುಚೇರಿ ಬಳಿಯ ಔರೋವಿಲ್ಲಿನ ಲಾ ಫೆರ್ಮ್ ಬಹುಕಾಲದಿಂದ ಚೀಸ್ ತಯಾರಿಸುತ್ತಿದೆ. ಪುದುಚೇರಿಗೆ ಹೋದವರು ಶೀತಲ ಚೀಲವೊಂದನ್ನು ಜೊತೆಗೊಯ್ಯುವುದು ಒಳ್ಳೆಯದು.

ಪೋರ್ಚುಗೀಸರ ಕಾಲದಿಂದ ಬಂಗಾಳದಲ್ಲಿ ಉಳಿದುಕೊಂಡಿರುವ ಬಂಡೇಲ್ ಚೀಸ್ ಪುಟ್ಟ ಬಿಲ್ಲೆಗಳಾಗಿ, ಹೊಗೆಯಾಡಿಸಿದ್ದೂ ಹೊಗೆಯಾಡಿಸದ್ದೂ ಎಂಬ ಎರಡು ಬಗೆಯಲ್ಲಿ ಸಿಗುತ್ತದೆ. ಬಹಳ ಉಪ್ಪಾಗಿರುವುದರಿಂದ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬಳಸಬೇಕು. ಒಂದು ಬಿಲ್ಲೆ ಪುಡಿಮಾಡಿದರೆ ಒಂದು ಪಾತ್ರೆ ಆಲೂಗಡ್ಡೆ ಪಲ್ಯಕ್ಕೆ ಹೊಗೆಯ ಪರಿಮಳ ಹತ್ತುತ್ತದೆ. ಜಮ್ಮುವಿನ ಉಧಂಪುರದ ಕಲಾಡಿ ಎಂಬ ಚೀಸಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ಕಾವಲಿಯ ಮೇಲೆ ಅದರದ್ದೇ ಕೊಬ್ಬಿನಲ್ಲಿ ಕೆಂಪಗೆ ಬೇಯಿಸಿ ತಿನ್ನುತ್ತಾರೆ. ಸೈಪ್ರಸ್ಸಿನ ಹಲ್ಲೂಮಿಗಾಗಿ ದುಬಾರಿ ಬೆಲೆ ಕೊಡುವವರು ಒಮ್ಮೆ ಇದನ್ನು ತರಿಸಿ ನೋಡಬೇಕು. ಮುಂಬೈಯ ಎಲೆಫ್ತೇರಿಯಾ ತಯಾರಿಸುವ ಬ್ರೂನೋಸ್ಟ್ ನಾರ್ವೆ ಮಾದರಿಯದು: ಚೀಸ್ ಸೋಸಿ ಉಳಿದ ನೀರನ್ನು ಗಂಟೆಗಟ್ಟಲೆ ಕುದಿಸಿ, ಅದರಲ್ಲಿರುವ ಸಕ್ಕರೆಯಂಶ ಕಂದುಗಟ್ಟುವವರೆಗೆ ಇಂಗಿಸಿ ಮಾಡಿದ್ದು. ಧಾರವಾಡ ಪೇಡೆಯನ್ನು ಉಪ್ಪು ಬೆರೆಸಿ ಹೆಚ್ಚಿದಂತೆ ಇರುವ ಅದರ ರುಚಿ, ಚೀಸ್ ಎಂದರೆ ಮೂಗು ಮುರಿಯುವ ಹಿರಿಯರಿಗೂ ಹಿಡಿಸಬಹುದು.

ಮನೆಯಲ್ಲೇ ಮಾಡಬಹುದಾದವು

ಮನೆಯಲ್ಲಿ ಮಾಡಿ ಉಳಿತಾಯ ಮಾಡಬಹುದಾದವು ಮೂರೇ ಎಂದು ನನ್ನ ಅಭಿಪ್ರಾಯ. ಕೆನೆಭರಿತ ಹಾಲನ್ನು ಸುಮಾರು 85 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನಿಂಬೆರಸ ಹಿಂಡಿ, ಕಲಕದೆ ಹತ್ತು ನಿಮಿಷ ಬಿಟ್ಟು, ಪನೀರಿನಂತೆ ಒತ್ತದೆ ಬಟ್ಟೆಯಲ್ಲಿ ಸೋಸಿದರೆ ರಿಕೋಟಾ ಮಾದರಿಯ ಚೀಸ್ ಸಿಗುತ್ತದೆ. ಇಟಲಿಯ ಮೂಲ ರಿಕೋಟಾ ಚೀಸ್ ಸೋಸಿ ಉಳಿದ ನೀರಿನಿಂದ ತಯಾರಾಗುತ್ತದೆ, ಮನೆಯದು ಇಡೀ ಹಾಲಿನಿಂದ. ಹಾಗಾಗಿ ಮನೆಯದೇ ಹೆಚ್ಚು ಸಮೃದ್ಧ. ಎರಡನೆಯದು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ತೂಗುಹಾಕಿ ಮಾಡುವ ಲಬ್ನೆ. ಶ್ರೀಖಂಡಕ್ಕೆ ಮೊಸರು ಕಟ್ಟಿ ರೂಢಿಯಿರುವ ಉತ್ತರ ಕರ್ನಾಟಕದ ಮನೆಗಳಲ್ಲಿ ಸಕ್ಕರೆಯ ಬದಲು ಉಪ್ಪು ಹಾಕಿದರೆ ಕೆಲಸ ಮುಗಿಯಿತು. ಮೂರನೆಯದು ಮಸ್ಕಾರ್ಪೋನೆ: ಅಂಗಡಿಯ ಪೊಟ್ಟಣದ ಕ್ರೀಮನ್ನು ಹದವಾಗಿ ಕಾಯಿಸಿ, ನಿಂಬೆರಸ ಬೆರೆಸಿ, ಒಂದು ರಾತ್ರಿ ಸೋಸಿದರೆ ಅಂಗಡಿ ಬೆಲೆಯ ಅರ್ಧಕ್ಕೂ ಕಡಿಮೆಯಲ್ಲಿ ತಯಾರಾಗುತ್ತದೆ.

ಮೊಝರೆಲ್ಲಾವನ್ನು ಮನೆಯಲ್ಲಿ ಮಾಡುವ ವಿಡಿಯೊಗಳು ಎಷ್ಟೇ ಆಕರ್ಷಕವಾಗಿದ್ದರೂ, ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಿ ಏಕರೂಪಗೊಳಿಸಿದ ಪ್ಯಾಕೆಟ್ ಹಾಲು ರೆನೆಟ್ಟಿಗೆ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಎಳೆದರೆ ಹರಿದುಹೋಗುತ್ತದೆ. ಹಳ್ಳಿಯಲ್ಲಿ ಕರೆದ ಎಮ್ಮೆಹಾಲು ಸಿಗುವವರು ಅದನ್ನು ಸರಿಯಾಗಿ ಪಾಶ್ಚರೀಕರಿಸಿ ಪ್ರಯತ್ನಿಸಬಹುದು. ನಗರದವರಿಗೆ ಅದು ಲಾಭದ ಬಾಬತ್ತಲ್ಲ.

ಕೊಳ್ಳುವಾಗ ಮತ್ತು ಇಡುವಾಗ

2025ರ ಸೆಪ್ಟೆಂಬರ್ 22ರಿಂದ ಚೀಸಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬೆಲೆಯನ್ನು ಹೋಲಿಸುವಾಗ ಪೊಟ್ಟಣದ ಒಟ್ಟು ಬೆಲೆಯನ್ನಲ್ಲ, 100 ಗ್ರಾಂಗೆ ಎಷ್ಟು ಬೀಳುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ 125, 150, 180, 200 ಗ್ರಾಂ ಎಂದು ಒಂದೊಂದು ಕಂಪನಿ ಒಂದೊಂದು ಅಳತೆಯಲ್ಲಿ ಮಾರುತ್ತದೆ. ಬಳಕೆಯ ಅವಧಿ ಮುಗಿಯಲು ವಾರವಿರುವಾಗ ದೊಡ್ಡ ಅಂಗಡಿಗಳು ಬೆಲೆ ತಗ್ಗಿಸುವುದುಂಟು. ಗೌಡಾ, ಚೆಡ್ಡರ್, ಪಾರ್ಮೆಸಾನ್ ಆಗಿದ್ದರೆ ಆ ಅವಕಾಶವನ್ನು ಬಿಡಬಾರದು. ಬ್ರೀ ಆಗಿದ್ದರೆ ಅಂದೇ ತಿನ್ನುವ ಉದ್ದೇಶವಿದ್ದಾಗ ಮಾತ್ರ ತರಬೇಕು, ಮತ್ತು ಆ ಹೊತ್ತಿಗೆ ಅದು ಹದವಾಗಿ ಹಣ್ಣಾಗಿರುತ್ತದೆ ಎಂಬುದು ಲಾಭವೇ. ಮೊಝರೆಲ್ಲಾ, ಬುರ್ರಾಟಾಗಳನ್ನು ರಿಯಾಯಿತಿಯಲ್ಲಿ ಕೊಳ್ಳುವುದು ಬೇಡ.

ಮನೆಗೆ ತಂದ ಗಟ್ಟಿ ಚೀಸನ್ನು ಮೊದಲು ಬಟರ್ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಹಾಕಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಡಬೇಕು. ಪ್ಲಾಸ್ಟಿಕ್ಕನ್ನೇ ಬಿಗಿಯಾಗಿ ಸುತ್ತಿದರೆ ಬೆವರಿ ಬೂಸ್ಟು ಹಿಡಿಯುತ್ತದೆ, ಏನೂ ಸುತ್ತದಿದ್ದರೆ ಒಣಗಿ ಬಿರುಕು ಬಿಡುತ್ತದೆ. ಹುಳಿ ಸಾರು, ಇಂಗು, ಬೆಳ್ಳುಳ್ಳಿ ಇವುಗಳ ವಾಸನೆಯನ್ನು ಚೀಸ್ ಬಲುಬೇಗ ಹೀರಿಕೊಳ್ಳುವುದರಿಂದ ಮುಚ್ಚಿದ ಡಬ್ಬಿ ಅಗತ್ಯ. ತಿನ್ನುವ ಮೊದಲು ಹೊರಗಿಟ್ಟು ತಂಪು ಬಿಡಿಸಬೇಕೆಂಬ ಯುರೋಪಿನ ಪದ್ಧತಿಯಲ್ಲಿ ಒಂದು ಗಂಟೆ ಎಂದಿರುತ್ತದೆ. ಮಂಗಳೂರಿನ ಸೆಕೆಯಲ್ಲೋ ರಾಯಚೂರಿನ ಬೇಸಿಗೆಯಲ್ಲೋ ಇಪ್ಪತ್ತು ನಿಮಿಷವೇ ಹೆಚ್ಚು.

ತಿಂಗಳಿಗೆ 700 ರೂಪಾಯಿ

ಇಷ್ಟನ್ನೆಲ್ಲ ತೂಗಿ ನೋಡಿದಾಗ 700 ರೂಪಾಯಿಯ ಬಜೆಟ್ಟಿನ ಮನೆಯವರಿಗೆ ನಾನು ಸೂಚಿಸುವ ಕ್ರಮ ಹೀಗಿದೆ. ಎರಡು ತಿಂಗಳಿಗೊಮ್ಮೆ 150ರಿಂದ 200 ಗ್ರಾಂ ಗಟ್ಟಿ ಚೀಸಿನ ಒಂದು ತುಂಡು, ಅದು ತಿಂಗಳಿಗೆ 250 ರೂಪಾಯಿಯಷ್ಟಾಗುತ್ತದೆ. ತಿಂಗಳಿಗೊಂದು 200 ಗ್ರಾಂ ಎಳೆಯ ಗೌಡಾ ಅಥವಾ ಚೆಡ್ಡರ್, ಮಕ್ಕಳ ಟಿಫಿನ್ ಡಬ್ಬಿಗೂ ಸಂಜೆಯ ಟೋಸ್ಟಿಗೂ, ಸುಮಾರು 250. ಉಳಿದ 200ರಲ್ಲಿ ಒಂದು ತಿಂಗಳು ಫೆಟಾ, ಇನ್ನೊಂದು ತಿಂಗಳು ಮನೆಯಲ್ಲೇ ರಿಕೋಟಾ ಮಾಡಿ ಹಣ ಉಳಿಸಿ, ಮೂರನೆಯ ತಿಂಗಳು ಆ ಉಳಿತಾಯದಲ್ಲಿ ಬ್ರೀಯನ್ನೋ ಬಂಡೇಲನ್ನೋ ಪರೀಕ್ಷಿಸಬಹುದು. ಒಬ್ಬರೇ ಇರುವವರು ಗಟ್ಟಿ ಚೀಸಿನಿಂದಾಚೆ ಹೋಗದಿದ್ದರೂ ನಷ್ಟವಿಲ್ಲ. ಹಾಲು ಜೀರ್ಣವಾಗದವರಿಗೂ ಗಟ್ಟಿ ಚೀಸೇ ಸೂಕ್ತ, ಏಕೆಂದರೆ ದೀರ್ಘಕಾಲ ಮಾಗಿದ ಚೀಸಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹೆಚ್ಚುಕಡಿಮೆ ಉಳಿದಿರುವುದಿಲ್ಲ.

ಅತಿಥಿಗಳಿಗೆ ಚೀಸಿನ ತಟ್ಟೆ ಜೋಡಿಸುವುದಾದರೆ ಊಟದ ಮೊದಲು ಒಬ್ಬರಿಗೆ ಒಟ್ಟು 40 ಗ್ರಾಂ ಸಾಕು. ಐದಾರು ಬಗೆಗಳನ್ನು ಚೂರು ಚೂರು ಇಡುವ ಬದಲು ಒಂದು ಮಾಗಿದ್ದು, ಒಂದು ಮೃದುವಾದದ್ದು ಎಂದು ಎರಡನ್ನೇ ಇಟ್ಟು, ಉಳಿದ ಜಾಗವನ್ನು ದ್ರಾಕ್ಷಿ, ಸೀಬೆ, ಹುರಿದ ಗೋಡಂಬಿ, ಖಾರವಿಲ್ಲದ ನಿಪ್ಪಟ್ಟುಗಳಿಂದ ತುಂಬಿಸಬಹುದು. ದೀಪಾವಳಿ, ಕ್ರಿಸ್‌ಮಸ್ ಹೊತ್ತಿಗೆ ಮಾರುಕಟ್ಟೆಗೆ ಬರುವ ಸಿದ್ಧ ಉಡುಗೊರೆ ಪೆಟ್ಟಿಗೆಗಳಲ್ಲಿ ಬುಟ್ಟಿ, ರಿಬ್ಬನ್, ಬಿಸ್ಕತ್ತುಗಳೇ ಬೆಲೆಯ ದೊಡ್ಡ ಪಾಲನ್ನು ನುಂಗುವುದರಿಂದ, ಅದೇ ಹಣಕ್ಕೆ ತಯಾರಕರಿಂದ ನೇರವಾಗಿ ಎರಡು ಒಳ್ಳೆಯ ತುಂಡುಗಳನ್ನು ತರಿಸಿ ಬಟರ್ ಪೇಪರಿನಲ್ಲಿ ಸುತ್ತಿ ಕೊಡುವುದು ಮೇಲು. ತರಿಸುವಾಗ ವಾರದ ಮೊದಲ ದಿನಗಳಲ್ಲಿ ತಲುಪುವಂತೆ ಕೇಳಿಕೊಂಡರೆ ಪಾರ್ಸೆಲ್ಲು ಶನಿವಾರ ಭಾನುವಾರ ಗೋದಾಮಿನಲ್ಲಿ ಬಿಸಿಲಿಗೆ ಕೂರುವುದು ತಪ್ಪುತ್ತದೆ.